ಇಲಿಯ ಚಿತ್ರ ‘ಎ’ ತಟ್ಟೆಯಲ್ಲಿ

ಒಂದನೇ ತರಗತಿಯ ಹುಡುಗನೊಬ್ಬ ಇಲಿಯ ಚಿತ್ರವಿದ್ದ ಕಾರ್ಡನ್ನು ‘ಎ’ ಎಂದು ಬರೆದಿದ್ದ ತಟ್ಟೆಯಲ್ಲಿ ಇಟ್ಟ. ಅವನ ಪಕ್ಕದಲ್ಲಿದ್ದ ಹುಡುಗಿ ಎಲೆಯ ಚಿತ್ರವನ್ನು ‘ಇ’ ತಟ್ಟೆಯಲ್ಲಿ ಇಟ್ಟಳು. ಇಬ್ಬರೂ ಅಳುಕಿಲ್ಲದೆ, ಸರಿಯಾದದ್ದನ್ನೇ ಮಾಡಿದ್ದೇವೆಂಬ ಮುಖದಲ್ಲಿ ನನ್ನನ್ನು ನೋಡಿದರು. ನಾನು ಎರಡೂ ಕಾರ್ಡುಗಳನ್ನು ಎತ್ತಿ ಅದಲುಬದಲು ಮಾಡಿ, “ಅಲ್ಲ ಮಗಾ, ಇದು ಇ–ಲಿ, ಅದು ಎ–ಲೆ” ಎಂದೆ. ಹುಡುಗ ಒಂದು ಕ್ಷಣ ನನ್ನ ಬಾಯಿಯನ್ನೇ ನೋಡಿದ. ಆಮೇಲೆ ಮಧ್ಯಾಹ್ನದ ಊಟದ ಗಂಟೆ ಹೊಡೆಯುವವರೆಗೆ ಅವನು ಒಂದು ಅಕ್ಷರವನ್ನೂ ಉಚ್ಚರಿಸಲಿಲ್ಲ.

ಇದು ಕಳೆದ ವರ್ಷದ ಜೂನ್ ಕೊನೆಯ ವಾರದ ಮಾತು. ಶಾಲೆ ಇರುವುದು ಮಲ್ಪೆಯ ಸಮೀಪದಲ್ಲಿ, ಸಮುದ್ರದ ಸದ್ದು ತರಗತಿಯೊಳಗೆ ಕೇಳಿಸುವಷ್ಟು ಹತ್ತಿರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ ಮಕ್ಕಳ ಅಪ್ಪಂದಿರು ಆ ಎರಡು ತಿಂಗಳು ಮನೆಯಲ್ಲಿರುತ್ತಾರೆ, ಬಲೆ ಸರಿಪಡಿಸುತ್ತಾರೆ, ಕೆಲವರು ಕೊಡೆ ಹಿಡಿದು ಮಕ್ಕಳನ್ನು ಶಾಲೆಯ ಬಾಗಿಲಿನವರೆಗೂ ಬಿಟ್ಟುಹೋಗುತ್ತಾರೆ. ಮಕ್ಕಳ ಮನೆಮಾತು ತುಳು, ನನ್ನದು ಕುಂದಾಪುರದ ಕನ್ನಡ. ಹಿಂದಿನ ವರ್ಷವಷ್ಟೇ ವರ್ಗವಾಗಿ ಬಂದಿದ್ದ ನನಗೆ ತುಳು ನಿಧಾನವಾಗಿ ಆಡಿದರೆ ಅರ್ಥವಾಗುತ್ತಿತ್ತು, ಆಡಲು ಬರುತ್ತಿರಲಿಲ್ಲ. ಚಿಕ್ಕ ತರಗತಿಗಳಲ್ಲಿ ಆಟವಾಡಿಸುತ್ತ ಕಲಿಸುವ ನಲಿಕಲಿ ಪದ್ಧತಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ‘ರ ಗ ಸ ದ ಅ’ ಎಂದು ಆರಂಭವಾಗುತ್ತವೆ, ಹಾಗಾಗಿ ಕೆಲವೇ ದಿನಗಳಲ್ಲಿ ಮಗು ‘ಸರ’, ‘ಅರಸ’, ‘ಗರಗಸ’ ಎಂದು ಓದಬಲ್ಲದು. ಅದು ನನಗೆ ಬಹಳ ಮೆಚ್ಚಿಗೆಯಾದ ಕ್ರಮ. ಆದರೆ ಸ್ವರಗಳು ಅಲ್ಲೊಂದು ಇಲ್ಲೊಂದು ಬರುವುದರಿಂದ ಅವುಗಳ ನಾದವನ್ನು ಕಿವಿಗೆ ಕೂರಿಸಲೆಂದು ದಿನಕ್ಕೆ ಅರ್ಧ ಗಂಟೆ ಬೇರೆಯಾಗಿ ಇಟ್ಟುಕೊಂಡಿದ್ದೆ. ತಟ್ಟೆ, ಕಾರ್ಡುಗಳ ಆಟ ಅದಕ್ಕಾಗಿ ಮಾಡಿಕೊಂಡದ್ದು.

ಊಟ ಬಡಿಸುವಾಗ ನಾನು ಬಿಸಿಯೂಟದ ಅಕ್ಕನ ಬಳಿ ನಡೆದದ್ದನ್ನು ಹೇಳಿದೆ. ಅವರು ಸೌಟನ್ನು ಪಾತ್ರೆಯಲ್ಲೇ ಬಿಟ್ಟು, “ಟೀಚರೇ, ನಮ್ಮಲ್ಲಿ ಇಲಿಗೆ ಎಲಿ ಅಂತಲೇ ಹೇಳುವುದು. ಎಲೆಗೆ ಇರೆ. ಮಕ್ಕಳು ಸರಿಯಾಗಿಯೇ ಇಟ್ಟಿದ್ದಾರಲ್ಲ?” ಎಂದರು.

ಸರಿಯಾಗಿಯೇ ಇಟ್ಟಿದ್ದರು. ‘ಎ’ ಎಂಬ ನಾದದಿಂದ ಮೊದಲಾಗುವ ಹೆಸರಿನ ಚಿತ್ರವನ್ನು ‘ಎ’ ತಟ್ಟೆಗೆ ಹಾಕಿರಿ ಎಂದು ನಾನು ಹೇಳಿದ್ದೆ. ಅವರು ಚಿತ್ರವನ್ನು ನೋಡಿ, ತಮಗೆ ತಿಳಿದ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಂಡು, ಅದರ ಮೊದಲ ಸ್ವರವನ್ನು ಬೇರ್ಪಡಿಸಿ, ಆ ತಟ್ಟೆಗೇ ಹಾಕಿದ್ದರು. ಓದು ಕಲಿಯುವ ಮಗುವಿಗೆ ಇದಕ್ಕಿಂತ ದೊಡ್ಡ ಸಾಧನೆ ಆ ಹಂತದಲ್ಲಿ ಬೇರೆ ಇಲ್ಲ. ಅದನ್ನೇ ನಾನು ತಪ್ಪೆಂದಿದ್ದೆ. ಆ ಹುಡುಗನ ಮೌನ ಆಗ ನನ್ನನ್ನು ಚುಚ್ಚಿತು.

ಈ ಎರಡು ಪದಗಳ ಅದಲುಬದಲು ಆಕಸ್ಮಿಕವೂ ಅಲ್ಲ. ತಮಿಳು, ಮಲಯಾಳಗಳಲ್ಲಿಯೂ ಇಲಿಗೆ ‘ಎಲಿ’ ಎಂದೇ ಹೆಸರು. ಮುಂದಿನ ಅಕ್ಷರದಲ್ಲಿ ಇಕಾರವೋ ಉಕಾರವೋ ಇದ್ದರೆ ಹಿಂದಿನ ಎಕಾರವನ್ನು ಇಕಾರವಾಗಿ ಮಾಡಿಕೊಂಡದ್ದು ಕನ್ನಡ. ತುಳುವಿನ ‘ಕೆಬಿ’, ತಮಿಳಿನ ‘ಚೆವಿ’ ನಮ್ಮಲ್ಲಿ ‘ಕಿವಿ’ ಆದದ್ದೂ ಹೀಗೆಯೇ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಕಿಟೆಲರ ನಿಘಂಟು ಕನ್ನಡ ಪದದ ಪಕ್ಕದಲ್ಲಿ ಅದರ ತುಳು, ತಮಿಳು ಬಂಧುಗಳನ್ನೂ ಕೊಡುತ್ತದೆ. ಅದನ್ನು ಎಷ್ಟೋ ಸಲ ತಿರುವಿಹಾಕಿದ್ದ ನನಗೆ ಆ ಬಂಧುಗಳು ನನ್ನ ತರಗತಿಯ ಚಾಪೆಯ ಮೇಲೆಯೇ ಕುಳಿತಿದ್ದಾರೆ ಎಂಬುದು ಹೊಳೆದಿರಲಿಲ್ಲ.

ಗೋಡೆಯ ಚಿತ್ರಪಟವನ್ನು ಊಟದ ಬಳಿಕ ಹೊಸ ಕಣ್ಣಿನಿಂದ ನೋಡಿದೆ. ‘ಈ’ ಎಂಬುದರ ಕೆಳಗೆ ಈರುಳ್ಳಿ ಇತ್ತು. ನಮ್ಮ ಕರಾವಳಿಯಲ್ಲಿ ಅದು ನೀರುಳ್ಳಿ, ಮಗು ಅದನ್ನು ‘ನ’ ಸಾಲಿನಲ್ಲಿ ಹುಡುಕೀತು. ‘ಏ’ಗೆ ಏಡಿ ಇತ್ತು, ಮಕ್ಕಳಿಗೆ ಅದು ಡೆಂಜಿ. ‘ಒ’ಗೆ ಒಂಟೆ. ಒಂಟೆಯ ಬಗ್ಗೆ ನನಗೆ ಆಕ್ಷೇಪವಿಲ್ಲ, ಮಕ್ಕಳು ಕಾಣದ ಪ್ರಾಣಿಗಳನ್ನೂ ತಿಳಿಯಬೇಕು. ಆದರೆ ಹೊಸ ಪ್ರಾಣಿ, ಹೊಸ ಪದ, ಹೊಸ ಅಕ್ಷರ ಮೂರನ್ನೂ ಒಟ್ಟಿಗೆ ಹೊರಿಸಿದರೆ ಅಕ್ಷರ ಜಾರಿಹೋಗುತ್ತದೆ.

ಮಧ್ಯಾಹ್ನ ಬಿಸಿಯೂಟದ ಅಕ್ಕನನ್ನೂ ತರಗತಿಗೆ ಕರೆದೆ. ಮೊದಲು ಆ ಹುಡುಗನಿಗೆ, “ನೀನು ಇಟ್ಟದ್ದು ಸರಿಯಾಗಿತ್ತು, ನನಗೆ ಗೊತ್ತಾಗಲಿಲ್ಲ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಅನಂತರ ಅಕ್ಕನಿಂದ ಎರಡು ವಾಕ್ಯಗಳನ್ನು ಹೇಳಿಸಿದೆ: “ಯಾನ್ ಬರ್ಪೆ”, “ಆಯೆ ಬರ್ಪೆ”. ನಾನು ಬರುತ್ತೇನೆ, ಅವನು ಬರುತ್ತಾನೆ. ಕನ್ನಡ ಲಿಪಿಯಲ್ಲಿ ಎರಡೂ ‘ಬರ್ಪೆ’ಯೇ, ಆದರೆ ಮೊದಲನೆಯದರ ಕೊನೆಯ ಸ್ವರಕ್ಕೆ ಗಲ್ಲ ಇನ್ನಷ್ಟು ಕೆಳಗಿಳಿದು ಬಾಯಿ ಅಗಲವಾಗುತ್ತದೆ. ‘ಬರ್ಪೆ’ಯನ್ನು ಮಾತ್ರ ಬಿಡಿಯಾಗಿ ಹೇಳಿಸಿ, ಬರುವವರು ಯಾರು ಎಂದು ಕೇಳಿದಾಗ ಮಕ್ಕಳು ಒಂದು ಸಲವೂ ತಪ್ಪಲಿಲ್ಲ. ಗೆರೆ ಕೊರೆದಂತೆ ಭೇದವನ್ನು ಗುರುತಿಸುವ ಈ ಕಿವಿಗಳಿಗೆ ‘ಎ’ ಮತ್ತು ‘ಏ’ ಬೇರೆ ಎಂದು ತೋರಿಸುವುದು ಕಷ್ಟವಾಗಬಾರದು ಎಂಬ ಧೈರ್ಯ ನನಗೆ ಬಂದದ್ದು ಆಗ.

ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು ಎಂದು ನಾವು ವ್ಯಾಕರಣದಲ್ಲಿ ಕಲಿತದ್ದನ್ನು ಆರು ವರ್ಷದ ಮಗುವಿಗೆ ಹೇಳಿ ಫಲವಿಲ್ಲ. ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುವುದನ್ನು ಅವರೆಲ್ಲ ನೋಡಿದವರು. ಹಗ್ಗ ಹಿಡಿದಂತೆ ಮುಷ್ಟಿ ಕಟ್ಟಿ, ಹ್ರಸ್ವಕ್ಕೆ ಹಗ್ಗವನ್ನು ಒಮ್ಮೆ ಜಗ್ಗಿ ಬಿಡುವುದು, ದೀರ್ಘಕ್ಕೆ ಎದೆಯವರೆಗೂ ಎಳೆಯುವುದು ಎಂದು ಗೊತ್ತುಮಾಡಿದೆವು. ಒಲೆ, ಓಲೆ. ಕೊಡು, ಕೋಡು. ಬಿಡು, ಬೀಡು. ಹಿಂದಿನ ದಿನ ಎರಡನೇ ತರಗತಿಯ ಒಬ್ಬಳು ‘ಅಪ್ಪ ಸಮುದ್ರಕ್ಕೆ ಬಾಲೆ ಹಾಕಿದರು’ ಎಂದು ಬರೆದಿದ್ದಳು. ತುಳುವಿನಲ್ಲಿ ಬಾಲೆ ಎಂದರೆ ಮಗು. ಆ ವಾಕ್ಯವನ್ನು ಹಲಗೆಯ ಮೇಲೆ ಬರೆದು ಅವಳಿಂದಲೇ ಓದಿಸಿದಾಗ ಅವಳ ಕೈ ತಾನಾಗಿ ಎದೆಯವರೆಗೆ ಬಂತು, ಅಲ್ಲೇ ನಿಂತಿತು. ಎದ್ದು ಬಂದು ‘ಬಾ’ ಅಕ್ಷರದ ಇಳಿಯನ್ನು ಒರೆಸಿ ‘ಬ’ ಮಾಡಿದಳು. ಒಂದು ಗೆರೆಯಿಂದ ಮಗು ಬಲೆಯಾಗುವುದನ್ನು ಕಂಡ ಮೇಲೆ ಅವಳಿಗೆ ದೀರ್ಘದ ಬೆಲೆಯನ್ನು ನಾನು ಮತ್ತೆ ಹೇಳಬೇಕಾಗಲಿಲ್ಲ.

ಎಲ್ಲವೂ ಇಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ. ‘ಕಾಡು’ ಎಂದು ಬರೆಯಲು ಹೇಳಿದರೆ ಹಲವರು ಕೊಂಬನ್ನು ಬಿಟ್ಟು ಬರೆಯುತ್ತಾರೆ, ಏಕೆಂದರೆ ಮನೆಯಲ್ಲಿ ಅವರು ಕೇಳುವ ಪದದ ಕೊನೆಯಲ್ಲಿ ತುಟಿ ದುಂಡಾಗದ, ಅರ್ಧವೇ ಉಳಿದ ಒಂದು ಸ್ವರವಿದೆ. ನಮ್ಮ ಹದಿಮೂರು ಸ್ವರಗಳಲ್ಲಿ ಅದಕ್ಕೆ ಅಕ್ಷರವಿಲ್ಲ. ಅಲ್ಲಿ ತುಟಿ ಮುಂದೆ ಮಾಡಿಸಿ, ಕನ್ನಡಿ ಹಿಡಿದು, ದಿನವೂ ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸುವುದೇ ದಾರಿ.

ಕೊನೆಗೆ ಹೊಸ ಚಿತ್ರಪಟಕ್ಕೆ ಪದಗಳನ್ನು ಮಕ್ಕಳಿಂದಲೇ ಕೇಳಿದೆ. ‘ಅ’ಗೆ ಅಂಜಲ್ ಮೀನು, ‘ಆ’ಗೆ ಆನೆ, ‘ಇ’ಗೆ ಇಲ್ಲ್ ಎಂದರೆ ಮನೆ, ‘ಉ’ಗೆ ಉಪ್ಪು, ‘ಎ’ಗೆ ಎಟ್ಟಿ, ‘ಏ’ಗೆ ಏಡ್, ‘ಐ’ಗೆ ಐನ್, ‘ಓ’ಗೆ ಓಡ. ಪ್ರತಿಯೊಂದರ ಪಕ್ಕದಲ್ಲಿ ಕನ್ನಡದ ಸಿಗಡಿ, ಆಡು, ಐದು, ದೋಣಿಗಳೂ ಬಂದವು. ಒಂದೇ ಚಿತ್ರಕ್ಕೆ ಎರಡು ಹೆಸರು ಕಲಿಯುವುದು ಮಕ್ಕಳಿಗೆ ಭಾರವೆನಿಸಲೇ ಇಲ್ಲ. ‘ಈ’ ಅಕ್ಷರದ ಹತ್ತಿರ ಮಾತ್ರ ಎಲ್ಲರೂ ನಿಂತೆವು. ಅಕ್ಕನಿಗೂ ಹೊಳೆಯಲಿಲ್ಲ. ಆಗ ಬೆಳಗ್ಗೆ ಎಲೆಯ ಕಾರ್ಡನ್ನು ಇಟ್ಟಿದ್ದ ಹುಡುಗಿ ಪಕ್ಕದ ಹುಡುಗನ ಎದೆಗೆ ಬೆರಳು ತಾಗಿಸಿ “ಈ” ಎಂದಳು. ತುಳುವಿನಲ್ಲಿ ‘ಈ’ ಎಂದರೆ ನೀನು. ಅವನು ತಿರುಗಿ ಅವಳತ್ತ ಬೆರಳು ಮಾಡಿ “ಈ” ಎಂದ. ಆಮೇಲೆ ಅವನು ನನ್ನ ಕಡೆಗೆ ತಿರುಗಿ, ಬೆರಳನ್ನು ಮಡಚಿಕೊಂಡು, ಬೆಳಗ್ಗಿನಿಂದ ಮೊದಲ ಬಾರಿಗೆ ನನ್ನೊಡನೆ ಮಾತಾಡಿದ: “ಈರ್.” ನೀವು.