ಸಿವಿಟಿ ಆಯಿಲ್ ಬದಲಿಸಿದ ದಿನ

16 ನವೆಂಬರ್ 2025, ಭಾನುವಾರ
ಹುಬ್ಬಳ್ಳಿ

“ಅದು ಲೈಫ್‌ಟೈಮ್ ಆಯಿಲ್ ಅಂತಾರಲ್ಲೋ, ಸುಮ್ನ ಯಾಕ ರೊಕ್ಕ ಹಾಳ ಮಾಡ್ತಿ?” ಅಂತ ಕಾಕಾ ಅಂದೇ ಅಂದರು, ನಮ್ಮ ಹೋಂಡಾ ಸಿಟಿ ಕಾರಿನ ಸಿವಿಟಿಗೆ (ಹಲ್ಲಿನ ಗೇರುಗಳ ಬದಲು ಬೆಲ್ಟು, ಪುಲ್ಲಿ ಮೇಲೆ ನಡೆಯೋ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ) ಹೊಸ ಆಯಿಲ್ ಹಾಕಿಸ್ತೀನಿ ಅಂದಾಗ. ವರ್ಷಕ್ಕೆ ನಾಲ್ಕಾರು ಸಲ ಮನೆಮಂದಿ, ಸಾಮಾನು ತುಂಬಿಕೊಂಡು ಅರಬೈಲ್ ಘಾಟ್ ಹತ್ತಿ ಬರೋ ಗಾಡಿಗೆ ಆ ಮಾತು ನಾನಂತೂ ಒಪ್ಪಲ್ಲ. ಏರಿನಲ್ಲಿ ಗೇರ್‌ಬಾಕ್ಸ್ ಕಾಯುತ್ತದೆ, ಕಾದಷ್ಟೂ ಆಯಿಲ್ ಬೇಗ ಹಳತಾಗುತ್ತದೆ.

ಮನೆಯ ಆಕ್ಟಿವಾದಲ್ಲಿರೋದೂ ಸಿವಿಟಿಯೇ. ಆದರೆ ಅದರ ಬೆಲ್ಟು ರಬ್ಬರಿನದು, ಒಣದಾಗೇ ಓಡುತ್ತದೆ. 1958ರಲ್ಲಿ ಹಾಲೆಂಡಿನ ಡಾಫ್ ಕಾರಿನಲ್ಲಿ ಬಂದದ್ದೂ ರಬ್ಬರ್ ಬೆಲ್ಟೇ. ನಮ್ಮ ಹೋಂಡಾ ಸಿಟಿಯೊಳಗಿರೋದು ಉಕ್ಕಿನ ಬೆಲ್ಟು: ನೂರಾರು ತೆಳು ತುಣುಕುಗಳನ್ನು ಉಕ್ಕಿನ ಪಟ್ಟಿಗೆ ಸಾಲಾಗಿ ಜೋಡಿಸಿದ್ದು. ಉಕ್ಕಿನ ಪುಲ್ಲಿ ಅದನ್ನು ಅದುಮಿ ಹಿಡಿಯುತ್ತದೆ. ನಡುವಿನ ಆಯಿಲ್ ಬೆಲ್ಟನ್ನು ಸವೆಯಲೂ ಬಿಡಬಾರದು, ಜಾರಲೂ ಬಿಡಬಾರದು. ಪುಲ್ಲಿ ಅದುಮೋ ಒತ್ತಡವೂ ಅದೇ ಆಯಿಲ್‌ನದ್ದು. ಹಾಗಿರುವಾಗ ಸ್ಪೇರ್ ಅಂಗಡಿಯ ಹುಡುಗ ಸಾದಾ ಆಟೋಮ್ಯಾಟಿಕ್ ಗೇರ್ ಆಯಿಲ್ ಮುಂದಿಟ್ಟು “ಇದೂ ನಡೀತೈತ್ರೀ ಸರ” ಅಂದರೆ ಸಿಟ್ಟು ಬರದೆ ಇರುತ್ತದೆಯೇ? ಕಂಪನಿ ಹೇಳಿದ ಸಿವಿಟಿ ಆಯಿಲ್ ಎಚ್‌ಸಿಎಫ್-2ರ ಡಬ್ಬಿಗಳನ್ನೇ ತೆಗೆಸಿಕೊಂಡೆ.

ಗೋಕುಲ ರಸ್ತೆಯ ಮಿಸ್ತ್ರಿ ಗಾಡಿಯನ್ನು ಲಿಫ್ಟಿಗೇರಿಸಿದವನೇ ಮೊದಲು ಬಿಚ್ಚಿದ್ದು ಆಯಿಲ್ ಹಾಕೋ ಬೋಲ್ಟು. “ಕೆಳಗಿಂದ ಎಲ್ಲಾ ಸುರುವಿದ ಮ್ಯಾಲೆ ಇದು ಬಿಚ್ಚಲಿಲ್ಲಂದ್ರ ಗಾಡಿ ಇಲ್ಲೇ ಕುಂದ್ರತೈತ್ರಿ.” ಆಗಲೇ ಅವನ ಮೇಲೆ ಪೂರ್ತಿ ನಂಬಿಕೆ ಬಂತು.

ಆಯಿಲ್ ಇಳಿಸೋ ಡ್ರೇನ್ ಬೋಲ್ಟಿನ ತುದಿಯ ಮ್ಯಾಗ್ನೆಟ್‌ಗೆ ಕಾಡಿಗೆಯಂಥ ಬೂದುಗಪ್ಪು ಮೆತ್ತಿತ್ತು. ಅವನು ಎರಡು ಬೆರಳ ನಡುವೆ ತಿಕ್ಕಿ, ಬಿಸಿಲಿಗೆ ಹಿಡಿದು ನೋಡಿದ. ನುಣ್ಣಗಿತ್ತು, ಬೆರಳಿಗೆ ಚುಚ್ಚೋ ಚೂರು ಒಂದೂ ಇಲ್ಲ. ಹಿಂಗಿದ್ದರೆ ಸಹಜ ಸವೆತ. ಮಿನುಗೋ ಚಕ್ಕೆ ಸಿಕ್ಕರೆ ಮಾತ್ರ ಎದೆ ಧಸಕ್ ಅನ್ನಬೇಕು.

ಹಳೇ ಆಯಿಲನ್ನು ಗೆರೆ ಇರೋ ಜಗ್ಗಿಗೆ ಸುರಿದು ಅಳೆದೆವು, ಮೂರೂವರೆ ಲೀಟರ್ ಹತ್ತಿರ. ಹೊಸದನ್ನೂ ಅಷ್ಟೇ ಅಳೆದು ಹಾಕಿದ್ದು. ಕಡಿಮೆಯಾದರೆ ಪಂಪು ಗಾಳಿ ಎಳೆದು ಒತ್ತಡ ಬೀಳುತ್ತದೆ, ಹೆಚ್ಚಾದರೆ ನೊರೆಯೇಳುತ್ತದೆ. ಬೋಲ್ಟಿಗೆ ಹೊಸ ವಾಶರ್. ಎಂಜಿನ್ ಶುರು ಮಾಡಿ, ಬ್ರೇಕ್ ಒತ್ತಿಕೊಂಡೇ ಲಿವರನ್ನು ಪಿ, ಆರ್, ಎನ್, ಡಿ ಎಲ್ಲದರಲ್ಲೂ ಒಂದೊಂದು ಗಳಿಗೆ ನಿಲ್ಲಿಸಿದ. ಆಮೇಲೆ ಕೆಳಗೆ ಸೋರಿಕೆ ನೋಡಿದ.

ಉಣಕಲ್ ಕೆರೆ ತನಕ ಓಡಿಸಿ ನೋಡಿದೆ. ಹೇಳಿಕೊಳ್ಳುವಂಥ ಬದಲಾವಣೆ ಏನಿಲ್ಲ, ಮೊದಲೂ ತೊಂದರೆ ಇರಲಿಲ್ಲವಲ್ಲ. ಎಂಜಿನ್ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸೋ ಟಾರ್ಕ್ ಕನ್ವರ್ಟರ್ ಒಳಗೆ ಹಳೆಯದು ಇನ್ನೂ ಉಳಿದೇ ಇರುತ್ತದೆ, ಒಂದೇ ಸಲಕ್ಕೆ ಪೂರ್ತಿ ಇಳಿಯೋದಿಲ್ಲ. ಬೇಸಿಗೆಗೆ ಮುಂಚೆ ಇನ್ನೊಮ್ಮೆ ಇಳಿಸೋಣ ಅಂತ ಮಿಸ್ತ್ರಿ ಹೇಳಿದ್ದಾನೆ. ಕಾಕಾಗೆ ಇನ್ನೂ ತಿಳಿಸಿಲ್ಲ.