ಶಾಂತಿ ಓದೋದು ಅಂದ್ರೆ ಏನು ಓದೋದು?

ಡಿಗ್ರಿಯಲ್ಲಿ ಏನು ಓದಿದ್ದು ಅಂತ ಯಾರಾದರೂ ಕೇಳಿದರೆ "ಶಾಂತಿ ಮತ್ತು ಸಂಘರ್ಷ ಅಧ್ಯಯನ" ಅನ್ನುತ್ತೇನೆ. ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ: "ಅದರಲ್ಲಿ ಓದೋಕೆ ಏನಿದೆ? ಜಗಳ ಕೆಟ್ಟದ್ದು ಅಂತ ಎಲ್ಲರಿಗೂ ಗೊತ್ತಲ್ವಾ?"

ಗೊತ್ತು. ಆದರೂ ಜಗಳ ಆಗುತ್ತಲೇ ಇರುತ್ತದೆ. ಅದು ಯಾಕೆ ಹತ್ತಿಕೊಳ್ಳುತ್ತದೆ, ಹೇಗೆ ನಿಲ್ಲುತ್ತದೆ, ನಿಂತದ್ದು ಯಾಕೆ ಮತ್ತೆ ಶುರುವಾಗುತ್ತದೆ? ನಾನು ಓದಿದ್ದು ಇದನ್ನೇ.

ಮೊದಲ ವರ್ಷದ ಒಂದು ತರಗತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಮ್ಮನ್ನು ಎರಡು ಊರಿನವರಾಗಿ ಮಾಡಿ ಎದುರುಬದುರು ಕೂರಿಸಿದರು. ನಡುವೆ ಒಂದೇ ಕಾಲುವೆ. ಎರಡೂ ಗುಂಪಿಗೆ ಒಂದೊಂದು ಚೀಟಿ ಕೊಟ್ಟರು, ಇನ್ನೊಬ್ಬರಿಗೆ ತೋರಿಸುವ ಹಾಗಿಲ್ಲ. ಒಂದೂವರೆ ಗಂಟೆ ವಾದ ಮಾಡಿದೆವು. ಅರವತ್ತು ನಮಗೆ, ನಲವತ್ತು ನಿಮಗೆ. ಇಲ್ಲ, ಆಗಲ್ಲ. ಗಂಟಲು ಕಟ್ಟಿತು, ಒಪ್ಪಂದ ಆಗಲಿಲ್ಲ. ಕೊನೆಗೆ ಮೇಷ್ಟ್ರು ಚೀಟಿ ಬದಲಾಯಿಸಿಕೊಂಡು ಓದಿ ಅಂದರು. ನಮಗೆ ನೀರು ಬೇಕಿದ್ದದ್ದು ಬಿತ್ತನೆ ಹೊತ್ತಿಗೆ, ಅವರಿಗೆ ಬೇಸಿಗೆಯಲ್ಲಿ ದನಕರುಗಳಿಗೆ. "ಒಬ್ಬರಾದರೂ ಯಾವಾಗ ಬೇಕು ಅಂತ ಕೇಳಿದಿರಾ?" ಅಂದರು. ಯಾರೂ ಕೇಳಿರಲಿಲ್ಲ.

ದೇಶಗಳ ನಡುವೆಯೂ ಹೀಗೇ ಆಗಿದೆ. 1967ರ ಯುದ್ಧದಲ್ಲಿ ಇಸ್ರೇಲ್ ಈಜಿಪ್ಟಿನ ಸಿನಾಯ್ ಪ್ರದೇಶವನ್ನು ವಶಪಡಿಸಿಕೊಂಡಿತು. ನಕ್ಷೆಯ ಮೇಲೆ ಎಲ್ಲಿ ಗೆರೆ ಎಳೆದರೂ ಒಬ್ಬರಿಗೆ ನಷ್ಟ. ಆದರೆ ಈಜಿಪ್ಟಿಗೆ ಮುಖ್ಯವಾಗಿ ಬೇಕಿದ್ದದ್ದು ತನ್ನ ನೆಲ, ಇಸ್ರೇಲಿಗೆ ಬೇಕಿದ್ದದ್ದು ಗಡಿಯಲ್ಲಿ ಟ್ಯಾಂಕುಗಳು ಬಂದು ನಿಲ್ಲದಿರುವುದು. 1978ರಲ್ಲಿ ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ 13 ದಿನ ಮಾತುಕತೆ ನಡೆಯಿತು, ಮರುವರ್ಷ ಒಪ್ಪಂದಕ್ಕೆ ಸಹಿ ಬಿತ್ತು. ನೆಲ ಈಜಿಪ್ಟಿಗೆ ವಾಪಸ್, ಆದರೆ ಅಲ್ಲಿ ಎಷ್ಟು ಸೈನ್ಯ ಇಡಬಹುದು ಅನ್ನುವುದಕ್ಕೆ ಮಿತಿ. ಪ್ಯಾಲೆಸ್ಟೀನಿಯರ ಪ್ರಶ್ನೆ ಮಾತ್ರ ಬಗೆಹರಿಯದೇ ಉಳಿಯಿತು. ಅದನ್ನೂ ಅಷ್ಟೇ ಗಮನವಿಟ್ಟು ಓದಬೇಕು.

ಸಹಿ ಬಿದ್ದ ಕೂಡಲೇ ಎಲ್ಲ ಮುಗಿಯಿತು ಅಂದುಕೊಳ್ಳುವುದು ಜಾಸ್ತಿ. ನಾರ್ವೆಯ ಶಾಂತಿ ಅಧ್ಯಯನ ವಿದ್ವಾಂಸ ಯೋಹಾನ್ ಗಾಲ್ಟುಂಗ್ 1960ರ ದಶಕದಲ್ಲೇ ಎರಡು ಮಾತು ಬೇರೆ ಮಾಡಿ ಇಟ್ಟರು. ಗುಂಡಿನ ಸದ್ದು ನಿಂತರೆ ಅದು ನೆಗೆಟಿವ್ ಪೀಸ್. ಜನ ಅನ್ಯಾಯವಿಲ್ಲದೆ ಒಟ್ಟಿಗೆ ಬದುಕುವ ಹಾಗಾದರೆ ಪಾಸಿಟಿವ್ ಪೀಸ್. ಉತ್ತರ ಐರ್ಲೆಂಡ್ ನೋಡಿ. ಐರ್ಲೆಂಡ್ ಸೇರಬೇಕು ಅನ್ನುವವರು (ಹೆಚ್ಚಾಗಿ ಕ್ಯಾಥೊಲಿಕರು), ಬ್ರಿಟನ್ ಜೊತೆಗೇ ಇರಬೇಕು ಅನ್ನುವವರು (ಹೆಚ್ಚಾಗಿ ಪ್ರಾಟೆಸ್ಟೆಂಟರು), ಇವರ ನಡುವಿನ ಸಂಘರ್ಷದಲ್ಲಿ ಸುಮಾರು ಮೂವತ್ತು ವರ್ಷದಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. 1998ರಲ್ಲಿ ಒಪ್ಪಂದ ಆಯಿತು, ಸಾವು ತುಂಬಾ ಕಡಿಮೆಯಾಯಿತು. ಆದರೆ ಅಲ್ಲಿನ ರಾಜಧಾನಿ ಬೆಲ್‌ಫಾಸ್ಟ್‌ನಲ್ಲಿ ಕ್ಯಾಥೊಲಿಕ್ ಬೀದಿಗಳನ್ನೂ ಪ್ರಾಟೆಸ್ಟೆಂಟ್ ಬೀದಿಗಳನ್ನೂ ಬೇರೆ ಮಾಡುವ ಎತ್ತರದ ಗೋಡೆಗಳು ಇವತ್ತಿಗೂ ನಿಂತಿವೆ. ಕೆಲವು ಗೇಟುಗಳನ್ನು ರಾತ್ರಿ ಮುಚ್ಚುತ್ತಾರೆ. ಆ ಗೋಡೆಯ ಪಕ್ಕದಲ್ಲೇ ಮನೆ ಇರುವವರನ್ನು ಕೇಳಿದರೆ, ತೆಗೆಯಬೇಕು ಅಂತ ಎಲ್ಲರೂ ಹೇಳುವುದಿಲ್ಲ. ಭಯ ಇನ್ನೂ ಹೋಗಿಲ್ಲ.

ಲೆಕ್ಕವೂ ಇದೆ, ಸ್ವಲ್ಪ ಅಲ್ಲ. ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದವರು ಜಗತ್ತಿನ ಸಂಘರ್ಷಗಳ ಪಟ್ಟಿ ಇಡುತ್ತಾರೆ. ವರ್ಷಕ್ಕೆ ಕನಿಷ್ಠ 25 ಜನ ಹೋರಾಟದಲ್ಲಿ ಸತ್ತರೆ ಅದು ಸಶಸ್ತ್ರ ಸಂಘರ್ಷ, 1,000 ಮುಟ್ಟಿದರೆ ಯುದ್ಧ. ಆ ಪಟ್ಟಿಯಲ್ಲಿ ಒಂದು ಸಾಲು ಅಂದರೆ ಒಂದು ದಿನಾಂಕ, ಒಂದು ಊರು, ಒಂದು ಅಂಕಿ. ಮೊದಲ ಸಲ ಅದನ್ನು ಕೆಳಗಿನವರೆಗೂ ನೋಡುತ್ತಾ ಹೋದಾಗ ನನಗೆ ಕೈ ನಡುಗಿತ್ತು.

ಕೆಲಸ? ಅದನ್ನೂ ಎಲ್ಲರೂ ಕೇಳುತ್ತಾರೆ. ಡಿಗ್ರಿಯ ಹೆಸರಿನಲ್ಲೇ ಹುದ್ದೆ ಸಿಗುವುದು ಅಪರೂಪ. ಪರಿಹಾರ ಸಂಸ್ಥೆಗಳು, ಪತ್ರಿಕೋದ್ಯಮ, ಮಧ್ಯಸ್ಥಿಕೆ, ಸಂಶೋಧನೆ, ಹೀಗೆ ಬೇರೆ ಬೇರೆ ಕಡೆ ಹೋಗುತ್ತಾರೆ, ಕೆಲವರು ಮುಂದೆ ಕಾನೂನು ಓದುತ್ತಾರೆ. ಸೇರಬೇಕು ಅಂತ ಮನಸ್ಸಿದ್ದರೆ ಮೊದಲು ಸಿಲಬಸ್ ತೆಗೆದು ನೋಡಿ. ಅಂಕಿಅಂಶದ ಪೇಪರ್ ಇದೆಯಾ? ಎದುರುಬದುರು ಕೂತು ಸಂಧಾನ ಮಾಡುವ ಅಭ್ಯಾಸ ಇದೆಯಾ? ಹೊಸದೊಂದು ಭಾಷೆ ಕಲಿಯೋಕೆ ಅವಕಾಶ ಇದೆಯಾ? ಇದ್ದರೆ ಧೈರ್ಯವಾಗಿ ಸೇರಿ.