‘ರೆಗನ್ಯಾರ್’ ಕಂಡ ಕೂಡಲೇ ‘ಸ್ಕೋಲ್ಡ್’ ಬರೆಯಬೇಡಿ

ಸ್ಪ್ಯಾನಿಷ್‌ನಿಂದ ಇಂಗ್ಲಿಷಿಗೆ ಅನುವಾದ ಮಾಡುವಾಗ ‘ರೆಗನ್ಯಾರ್’ ಕ್ರಿಯಾಪದಕ್ಕೆ ನಿಘಂಟು ಮೊದಲು ಕೊಡುವ ಪದ ‘ಸ್ಕೋಲ್ಡ್’. ನಮ್ಮವರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಭಾರತದ ಇಂಗ್ಲಿಷಿನಲ್ಲಿ ಅಮ್ಮ ಬೈದರೂ ‘ಸ್ಕೋಲ್ಡ್’, ಬಾಸ್ ಬೈದರೂ ‘ಸ್ಕೋಲ್ಡ್’. ಬ್ರಿಟನ್, ಅಮೆರಿಕದ ಓದುಗರಿಗೆ ಮಾತ್ರ ಅದು ಮಗುವನ್ನೋ ನಾಯಿಯನ್ನೋ ಗದರಿಸಿದ ಹಾಗೆ ಕೇಳುತ್ತದೆ.

‘ಮಿ ಮಮಾ ಮೆ ರೆಗನ್ಯೋ’ ಎಂದರೆ ಅಮ್ಮ ಬೈದಳು. ಬ್ರಿಟಿಷ್ ಓದುಗರಿಗೆ ‘ಟೋಲ್ಡ್ ಮಿ ಆಫ್’ ಸರಿ. ಅಮೆರಿಕದ ಮಾತಿನಲ್ಲಿ ‘ಯೆಲ್ಡ್ ಅಟ್ ಮಿ’ ಸಹಜ, ದನಿ ಏರಿಸದಿದ್ದರೂ ಹಾಗೆಯೇ ಹೇಳುತ್ತಾರೆ. ಆದರೆ ಅದೇ ಮಾತು ನ್ಯಾಯಾಲಯದ ಸಾಕ್ಷಿಯದಾದರೆ ‘ಯೆಲ್ಡ್’ ಬೇಡವೇ ಬೇಡ. ಸಾಕ್ಷಿ ಹೇಳದ ಕೂಗಾಟವನ್ನು ನೀವು ದಾಖಲೆಗೆ ಸೇರಿಸಿದಂತಾಗುತ್ತದೆ, ಪಾಟೀಸವಾಲಿನಲ್ಲಿ ಅದನ್ನೇ ಹಿಡಿದು ಜಗ್ಗುತ್ತಾರೆ. ಅಲ್ಲಿ ‘ಸ್ಕೋಲ್ಡೆಡ್’ ಎಂಬ ಸಪ್ಪೆ ಪದವೇ ಒಳ್ಳೆಯದು. ಬೈದವರು ಯಾರೆಂಬುದು ಮುಖ್ಯವಲ್ಲದ ಕಡೆ ‘ಐ ಗಾಟ್ ಟೋಲ್ಡ್ ಆಫ್’ ಬಳಸಿ. ಕನ್ನಡದ ‘ಬೈಸಿಕೊಂಡೆ’ ಇದೆಯಲ್ಲ, ಹೆಚ್ಚುಕಡಿಮೆ ಅದೇ. ನಮ್ಮ ಕಿವಿಗೆ ಈ ರೂಪ ಬೇಗ ಒಗ್ಗುತ್ತದೆ.

ಕ್ರಿಯಾಪದದ ಪಕ್ಕದಲ್ಲಿ ಏನಿದೆ ನೋಡಿ. ‘ರೆಗನ್ಯಾರ್ ಆ’ ಎಂದರೆ ಒಬ್ಬರನ್ನು ಬೈಯುವುದು. ‘ರೆಗನ್ಯಾರ್ ಕೋನ್’ (‘ಕೋನ್’ ಅಂದರೆ ‘ಜೊತೆ’) ಬಂದರೆ ಜಗಳ. ಸ್ಪೇನ್‌ನಲ್ಲಿ ಒಬ್ಬ ಹುಡುಗಿಯ ಬಗ್ಗೆ ‘ಆ ರೆಗನ್ಯಾದೋ ಕೋನ್ ಸು ನೋವಿಯೋ’ ಅಂದರೆ ಗೆಳೆಯನ ಜೊತೆ ಮುನಿಸಾಗಿದೆ, ‘ಫಾಲನ್ ಔಟ್’. ಅಲ್ಲಿ ಅಷ್ಟೇ ಬಳಕೆಯಲ್ಲಿರುವ ‘ರೆನ್ಯೀರ್’ ಕೂಡ ಹೀಗೆಯೇ ಎರಡೂ ಕಡೆ ವಾಲುತ್ತದೆ. ಅದರಿಂದ ಹುಟ್ಟಿದ ‘ಪಾರ್ತಿದೋ ರೆನ್ಯೀದೋ’ದಲ್ಲಿ ಬೈಗುಳವೇ ಇಲ್ಲ, ಜಿದ್ದಾಜಿದ್ದಿಯ ಪಂದ್ಯ ಅಷ್ಟೆ.

ಎಲ್ಲಕ್ಕಿಂತ ಅಪಾಯದ ಪದ ‘ರೆತಾರ್’. ಸ್ಪೇನ್‌ನಲ್ಲಿ ಅದು ಸವಾಲು ಹಾಕುವುದು. ಅರ್ಜೆಂಟೀನಾ, ಉರುಗ್ವೆ, ಚಿಲಿಗಳಲ್ಲಿ ದಿನಬಳಕೆಯ ಬೈಯುವುದು. ‘ಲಾ ಮಾಯೆಸ್ತ್ರಾ ಲೋ ರೆತೋ’ ಎಂಬುದನ್ನು ‘ಟೀಚರ್ ಅವನಿಗೆ ಸವಾಲು ಹಾಕಿದರು’ ಎಂದು ಅನುವಾದಿಸಿದರೆ ವಾಕ್ಯ ವ್ಯಾಕರಣಬದ್ಧವಾಗಿಯೇ ಇರುತ್ತದೆ. ಹಾಗಾಗಿ ಮೂಲ ತೆರೆಯದ ಸಂಪಾದಕರಿಗೆ ತಪ್ಪು ಸಿಗುವುದೇ ಇಲ್ಲ. ‘ರೆತಾರ್’ ಮುಂದೆ ‘ಪೋರ್’ ಬಂದು ಕಾರಣ ಹೇಳಿದ್ದರೆ ಬಹುತೇಕ ಬೈಗುಳ. ಎದುರಿನ ವ್ಯಕ್ತಿಯ ಹೆಸರಿನ ನಂತರ ಇನ್ನೊಂದು ‘ಆ’, ಅದರ ಮುಂದೆ ಒಂದು ಕೆಲಸ ಬಂದರೆ ಸವಾಲು. ಸಂಭಾಷಣೆಯಲ್ಲಿ ‘ನೀನು’ ಎನ್ನಲು ‘ತೂ’ ಬದಲು ‘ವೋಸ್’ ಇದ್ದರೆ ಅರ್ಜೆಂಟೀನಾ, ಉರುಗ್ವೆ ಕಡೆಯ ಬರಹವೇ ಎಂದು ಮೊದಲು ಖಚಿತಪಡಿಸಿಕೊಳ್ಳಿ.

ಕಚೇರಿ ಕಾಗದಪತ್ರದಲ್ಲಿ ‘ಅಮೋನೆಸ್ತಾಸಿಯೋನ್ ಪೋರ್ ಎಸ್ಕ್ರೀತೋ’ ಬಂದರೆ ಅದು ಶಿಸ್ತುಕ್ರಮ, ‘ರಿಟನ್ ವಾರ್ನಿಂಗ್’. ಫುಟ್ಬಾಲ್ ವರದಿಯಲ್ಲಿ ‘ಅಮೋನೆಸ್ತಾದೋ’ ಆದವನಿಗೆ ಹಳದಿ ಕಾರ್ಡ್ ಸಿಕ್ಕಿದೆ, ಬ್ರಿಟನ್ನಿನಲ್ಲಿ ‘ಬುಕ್ಡ್’. ಮೇಲಧಿಕಾರಿ ಬಾಯಿಮಾತಿನಲ್ಲಿ ಗದರಿದ್ದಕ್ಕೆಲ್ಲ ‘ರೆಪ್ರಿಮ್ಯಾಂಡ್’ ಹಾಕಬೇಡಿ, ಅದು ಕಡತಕ್ಕೆ ಹೋದ ವಿಷಯದಂತೆ ಕಾಣುತ್ತದೆ.

‘ಬೈ’ ಧಾತುವಿಗೆ ಕನ್ನಡದಲ್ಲಿ ಕೆಟ್ಟ ಮಾತಾಡುವ ಅರ್ಥವೂ ಇದೆ. ‘ರೆಗನ್ಯಾರ್’ಗೆ ಅದಿಲ್ಲ, ಅದಕ್ಕೆ ‘ಇನ್ಸುಲ್ತಾರ್’ ಬೇರೆ ಇದೆ. ಆದ್ದರಿಂದ ಇಂಗ್ಲಿಷಿನಲ್ಲಿ ‘ಅಬ್ಯೂಸ್’ ನುಸುಳದಂತೆ ನೋಡಿಕೊಳ್ಳಿ. ‘ಆ ರೆಗನ್ಯಾದಿಯೆಂತೆಸ್’ ಎಂಬ ನುಡಿಗಟ್ಟಿನಲ್ಲಂತೂ ಯಾರೂ ಯಾರನ್ನೂ ಬೈಯುತ್ತಿಲ್ಲ. ನಾಯಿ ಬೊಗಳದೆ ಹಲ್ಲು ತೋರಿಸಿ ಗುರುಗುಟ್ಟುವುದಕ್ಕೂ ಸ್ಪ್ಯಾನಿಷ್‌ನಲ್ಲಿ ‘ರೆಗನ್ಯಾರ್’ ಎನ್ನುತ್ತಾರೆ. ‘ದಿಯೆಂತೆಸ್’ ಅಂದರೆ ಹಲ್ಲುಗಳು. ಇಡೀ ನುಡಿಗಟ್ಟಿನ ಅರ್ಥ ‘ಒಲ್ಲದ ಮನಸ್ಸಿನಿಂದ’, ಇಂಗ್ಲಿಷಿನಲ್ಲಿ ‘ಗ್ರಜಿಂಗ್ಲಿ’.